ಇಲಿಗೆ ಬಾರದ ನಡುಕ

ದಕ್ಷಿಣ ಇಟಲಿಯ ಸಲೆರ್ನೊ ಪ್ರಾಂತ್ಯದಲ್ಲಿ ಕೊಂಟುರ್ಸಿ ಎಂಬ ಊರಿದೆ. ಅಲ್ಲಿನ ಒಂದು ಮನೆತನವನ್ನು ಪಾರ್ಕಿನ್ಸನ್ ಕಾಯಿಲೆ ತಲೆಮಾರುಗಳಿಂದ ಕಾಡುತ್ತಿತ್ತು. ಅಮೆರಿಕಕ್ಕೆ ವಲಸೆ ಹೋದ ಕವಲುಗಳನ್ನೂ ಅದು ಬಿಡಲಿಲ್ಲ. ನ್ಯೂಜೆರ್ಸಿಯ ನರರೋಗ ತಜ್ಞ ಲಾರೆನ್ಸ್ ಗೋಲ್ಬೆ ಈ ಮನೆತನದ ವಂಶಾವಳಿಯನ್ನು ಕಲೆಹಾಕಿದರು. ಪಾರ್ಕಿನ್ಸನ್ ವಂಶಪಾರಂಪರ್ಯದ ಕಾಯಿಲೆಯಲ್ಲವೆಂದೇ ಬಹುತೇಕರು ನಂಬಿದ್ದ ಕಾಲವದು. 1997ರಲ್ಲಿ ಈ ಕುಟುಂಬದ ಡಿಎನ್‌ಎಯಲ್ಲಿ ದೋಷ ಸಿಕ್ಕಿತು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೊಟೀನಿನ 53ನೇ ಸ್ಥಾನದಲ್ಲಿ ಅಲನಿನ್ ಬದಲು ಥ್ರಿಯೊನಿನ್ ಕೂತಿತ್ತು. ರೋಗಿಗಳ ಮಿದುಳಿನಲ್ಲಿ ಕಾಣುವ 'ಲೂಯಿ ಕಾಯ'ಗಳೆಂಬ ಗಂಟುಗಳಲ್ಲಿ ತುಂಬಿರುವುದೂ ಇದೇ ಪ್ರೊಟೀನು ಎಂದು ಅದೇ ವರ್ಷ ಗೊತ್ತಾಯಿತು.

ಅಲ್ಲಿಯವರೆಗೆ ಸಂಶೋಧನೆಗಾಗಿ ಇಲಿಗೆ ಈ ಕಾಯಿಲೆ ತರಿಸಲು ವಿಷವೇ ಗತಿಯಾಗಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಮಾದಕ ವ್ಯಸನಿಗಳನ್ನು ರಾತ್ರೋರಾತ್ರಿ ಮರಗಟ್ಟಿಸಿದ್ದ ಎಂಪಿಟಿಪಿ ಎಂಬ ಕಲಬೆರಕೆ ರಾಸಾಯನಿಕವನ್ನು ಚುಚ್ಚುತ್ತಿದ್ದರು. ಆದರೆ ಮನುಷ್ಯರಲ್ಲಿ ದಶಕಗಳ ಕಾಲ ಹೊಂಚು ಹಾಕುವ ಕಾಯಿಲೆಯನ್ನು ನಾಲ್ಕು ದಿನದ ವಿಷದಿಂದ ಅರ್ಥ ಮಾಡಿಕೊಳ್ಳುವುದು ಹೇಗೆ?

ಜೀನ್ ಕೈಗೆ ಸಿಕ್ಕಿದ ಮೇಲೆ ದಾರಿ ಬದಲಾಯಿತು. ಆಗಷ್ಟೇ ಫಲಿತವಾದ ಇಲಿಯ ಅಂಡಕ್ಕೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಲ್ಲಿ ಮನುಷ್ಯನ ಜೀನನ್ನು ಚುಚ್ಚಿ, ಅದನ್ನು ಬಾಡಿಗೆ ತಾಯಿಯ ಗರ್ಭದಲ್ಲಿ ಇಡುತ್ತಾರೆ. ಮರಿ ಹುಟ್ಟಿದ ಮೇಲೆ ಬಾಲದ ತುದಿಯ ಚೂರನ್ನು ಕತ್ತರಿಸಿ, ಜೀನ್ ಬಂದಿದೆಯೇ ಎಂದು ನೋಡುತ್ತಾರೆ. 2002ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಲೀ ತಂಡ ಕೊಂಟುರ್ಸಿಯ ದೋಷವನ್ನೇ ಹೊತ್ತ ಇಲಿಗಳನ್ನು ವರದಿ ಮಾಡಿತು. ವಯಸ್ಸಾದಂತೆ ಅವುಗಳ ಕೈಕಾಲು ಸೋತವು, ನರಕೋಶಗಳಲ್ಲಿ ಗಂಟುಗಳೂ ಕಂಡವು. ಆದರೆ ಪಾರ್ಕಿನ್ಸನ್ ರೋಗಿಗಳಲ್ಲಿ ಮುಖ್ಯವಾಗಿ ಸಾಯುವ ಡೋಪಮಿನ್ ಕೋಶಗಳು ಅವುಗಳಲ್ಲಿ ಗಟ್ಟಿಯಾಗಿಯೇ ಉಳಿದಿದ್ದವು!

ಇನ್ನೊಂದು ಸೋಜಿಗವಿದೆ. ಮನುಷ್ಯನಿಗೆ ಕಾಯಿಲೆ ತರುವ 53ನೇ ಸ್ಥಾನದ ಥ್ರಿಯೊನಿನ್ ಇಲಿಯಲ್ಲಿ ಹುಟ್ಟಿನಿಂದಲೇ ಇದೆ. ಅದನ್ನಿಟ್ಟುಕೊಂಡೇ ಅದು ಎರಡು ವರ್ಷದ ಆಯುಷ್ಯವನ್ನು ಆರಾಮಾಗಿ ಮುಗಿಸುತ್ತದೆ. ಕಾಯಿಲೆ ಬಲಿಯಲು ಆ ಅವಧಿ ಸಾಲದೋ, ಇಲಿಯ ಕೋಶಕ್ಕೆ ತಡೆಯುವ ಶಕ್ತಿಯಿದೆಯೋ ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಜೀನ್ ಸೇರಿಸುವುದರ ಬದಲು ಕಿತ್ತುಹಾಕಿಯೂ ನೋಡಿದರು. ಪಾರ್ಕಿನ್, ಪಿಂಕ್-1, ಡಿಜೆ-1 ಎಂಬ ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಮನುಷ್ಯರಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರಬಹುದು. 2009ರಲ್ಲಿ ವರದಿಯಾದ ಇಲಿಗಳಲ್ಲಿ ಮೂರೂ ಇರಲಿಲ್ಲ. ಆದರೂ ಅವುಗಳ ಡೋಪಮಿನ್ ಕೋಶಗಳು ಸಾಯಲಿಲ್ಲ. 2012ರಲ್ಲಿ ಲೀ ಅವರ ಗುಂಪು ಪ್ರಯೋಗಾಲಯದಲ್ಲಿ ತಯಾರಿಸಿದ ಸಿನ್ಯೂಕ್ಲಿನ್ ನಾರುಗಳನ್ನು ಇಲಿಗಳ ಮಿದುಳಿಗೆ ಚುಚ್ಚಿದಾಗ ಗಂಟು ಕೋಶದಿಂದ ಕೋಶಕ್ಕೆ ಹಬ್ಬಿ, ಡೋಪಮಿನ್ ಕೋಶಗಳು ಸತ್ತವು. ಆ ಇಲಿಗಳು ಜೀನ್ ತಿದ್ದಿದವಲ್ಲ, ಮಾಮೂಲಿ ಇಲಿಗಳು. ಇದನ್ನು ನೋಡಿ ನಗಬೇಕೋ ಅಳಬೇಕೋ!

ಹಾಗೆಂದು ಜೀನ್ ತಿದ್ದಿದ ಇಲಿಗಳನ್ನು ಮೂಲೆಗೆ ತಳ್ಳುವಂತಿಲ್ಲ. ಪೂರ್ತಿ ಕಾಯಿಲೆ ಬಾರದಿದ್ದರೂ ಅದರ ಒಂದೊಂದು ತುಣುಕನ್ನು ಅವು ತೋರಿಸುತ್ತವೆ. ಸಿನ್ಯೂಕ್ಲಿನ್ ಅತಿಯಾಗಿ ತಯಾರಿಸುವ ಒಂದು ತಳಿಗೆ ಮಲಬದ್ಧತೆಯಿದೆ. ಮನುಷ್ಯರಲ್ಲೂ ನಡುಕಕ್ಕೆ ಎಷ್ಟೋ ವರ್ಷ ಮೊದಲೇ ಕಾಣಿಸಬಹುದಾದ ತೊಂದರೆಯದು. ಕ್ಯಾಲ್‌ಟೆಕ್‌ನ ಸರ್ಕಿಸ್ ಮಜ್ಮೇನಿಯನ್ ತಂಡ ಇದೇ ತಳಿಯನ್ನು ಸೂಕ್ಷ್ಮಜೀವಿಗಳೇ ಇಲ್ಲದ ಪಂಜರದಲ್ಲಿ ಬೆಳೆಸಿತು. ಪರೀಕ್ಷೆ ಸರಳ: ನೆಟ್ಟಗೆ ನಿಲ್ಲಿಸಿದ ಕೋಲಿನ ತುದಿಗೆ ಇಲಿಯನ್ನು ಬಿಡುವುದು. ಆರೋಗ್ಯವಂತ ಇಲಿ ಕೆಲವೇ ಸೆಕೆಂಡಿನಲ್ಲಿ ಸರ್ರನೆ ಇಳಿಯುತ್ತದೆ, ರೋಗಿ ಇಲಿ ತಡವರಿಸುತ್ತದೆ. ಕರುಳಿನಲ್ಲಿ ಸೂಕ್ಷ್ಮಜೀವಿಗಳಿಲ್ಲದವು ಚೆನ್ನಾಗಿಯೇ ಇಳಿದವು. ಪಾರ್ಕಿನ್ಸನ್ ರೋಗಿಗಳ ಮಲದಿಂದ ತೆಗೆದ ಸೂಕ್ಷ್ಮಜೀವಿಗಳನ್ನು ಪಡೆದವು, ಆರೋಗ್ಯವಂತರದನ್ನು ಪಡೆದವುಗಳಿಗಿಂತ ಹೆಚ್ಚು ಬಳಲಿದವು. 2016ರ ಈ ವರದಿಯ ನಂತರ ಮಿದುಳಿನ ಕಾಯಿಲೆಯನ್ನು ಹೊಟ್ಟೆಯಲ್ಲಿ ಹುಡುಕುವ ಪ್ರಯೋಗಾಲಯಗಳು ಹೆಚ್ಚಾದವು.