ಪೀಟರ್‌ಲೂ: ಸತ್ತವರ ಹೆಸರು ಕಲ್ಲಿಗೇರಲು ಇನ್ನೂರು ವರ್ಷ

1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್ ಬಯಲಿನಲ್ಲಿ ಸುಮಾರು 60,000 ಜನ ಸೇರಿದ್ದರು. ಹತ್ತಿ ಗಿರಣಿಗಳಿಂದ ಬೆಳೆದ ಆ ಊರಿಗೆ ಆಗ ಪಾರ್ಲಿಮೆಂಟಿನಲ್ಲಿ ತನ್ನದೇ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆ ಪ್ರಾತಿನಿಧ್ಯ ಕೇಳಲೆಂದೇ ಸುತ್ತಲಿನ ಊರುಗಳ ನೇಕಾರ ಕುಟುಂಬಗಳು ಮಕ್ಕಳುಮರಿ ಸಮೇತ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು ನಡೆದು ಬಂದಿದ್ದವು. ಭಾಷಣಕಾರ ಹೆನ್ರಿ ಹಂಟ್‌ನನ್ನು ಬಂಧಿಸುವಂತೆ ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರು. ಕುದುರೆಪಡೆ ಕತ್ತಿ ಹಿರಿದು ಜನರ ನಡುವೆ ನುಗ್ಗಿತು. ಮೊದಲು ಸತ್ತದ್ದು ಎರಡು ವರ್ಷದ ಮಗು, ವಿಲಿಯಂ ಫಿಲ್ಡ್ಸ್. ಬಯಲಿನತ್ತ ಧಾವಿಸುತ್ತಿದ್ದ ಸವಾರನೊಬ್ಬನ ಕುದುರೆ ಬಡಿದು ಅದು ತಾಯಿಯ ತೋಳಿನಿಂದ ಕೆಳಗೆ ಬಿದ್ದಿತ್ತು. ಸತ್ತವರು ಹದಿನೈದಕ್ಕೆ ಕಡಿಮೆಯಿಲ್ಲ, ಗಾಯಗೊಂಡವರು ನೂರಾರು. ನಾಲ್ಕು ವರ್ಷ ಹಿಂದಿನ ವಾಟರ್‌ಲೂ ಯುದ್ಧವನ್ನು ಅಣಕಿಸಿ ಇದಕ್ಕೆ ‘ಪೀಟರ್‌ಲೂ’ ಎಂಬ ಹೆಸರು ಬಂತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗುಂಡು ಹಾರಿಸಿದ್ದನ್ನು ಬಲ್ಲ ಕನ್ನಡಿಗರಿಗೆ ಇಂಥ ಸಭೆಯೂ ಇಂಥ ಸಾವೂ ಹೊಸತಲ್ಲ.

1850ರ ದಶಕದಲ್ಲಿ ಆ ನೆಲದ ಮೇಲೆ ಫ್ರೀ ಟ್ರೇಡ್ ಹಾಲ್ ಎದ್ದಿತು. ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಲ್ಲಿ ಭವ್ಯ ಸ್ಮಾರಕವೇ ಸಿಕ್ಕಿತು, ಸತ್ತವರಿಗೆ ಏನೂ ಸಿಗಲಿಲ್ಲ. 1972ರಲ್ಲಿ ಅದೇ ಕಟ್ಟಡದ ಗೋಡೆಗೆ ನೀಲಿ ಫಲಕವೊಂದು ಬಂತು. ಹಂಟ್ ಮಾತನಾಡಿದ, ಸೈನಿಕರು ಜನರನ್ನು ಚದುರಿಸಿದರು ಎಂದಷ್ಟೇ ಅದರಲ್ಲಿತ್ತು. ಒಂದು ಸಾವಿನ ಸುಳಿವೂ ಇರಲಿಲ್ಲ. ಏನೂ ಬರೆಯದೆ ಬಿಟ್ಟಿದ್ದರೂ ಇಷ್ಟು ಅನ್ಯಾಯವಾಗುತ್ತಿರಲಿಲ್ಲ, ಏಕೆಂದರೆ ಓದಿದವರು ವಿಷಯ ತಿಳಿಯಿತೆಂದುಕೊಂಡೇ ಮುಂದೆ ಹೋಗುತ್ತಿದ್ದರು. ನಾಗರಿಕರ ಒತ್ತಾಯದ ಬಳಿಕ 2007ರಲ್ಲಿ ಕೆಂಪು ಫಲಕ ಬಂತು. ಶಾಂತಿಯುತ ಸಭೆಯ ಮೇಲೆ ಶಸ್ತ್ರಸಜ್ಜಿತ ಕುದುರೆಪಡೆ ದಾಳಿ ಮಾಡಿತು, 15 ಜನ ಸತ್ತರು, 600ಕ್ಕೂ ಹೆಚ್ಚು ಮಂದಿ ಗಾಯಗೊಂಡರು ಎಂದು ಅದು ನೇರವಾಗಿ ಹೇಳುತ್ತದೆ.

ನಿಜವಾದ ಸ್ಮಾರಕ ಬಂದದ್ದು ಇನ್ನೂರನೇ ವರ್ಷದಲ್ಲಿ, 2019ರ ಆಗಸ್ಟಿನಲ್ಲಿ. ಕಲಾವಿದ ಜೆರೆಮಿ ಡೆಲ್ಲರ್ ರೂಪಿಸಿದ ಅದು ಸುತ್ತಲೂ ಮೆಟ್ಟಿಲುಗಳಿರುವ ದುಂಡನೆಯ ಕಲ್ಲಿನ ದಿಬ್ಬ. ಮೆಟ್ಟಿಲುಗಳ ಮುಖದಲ್ಲಿ ಸತ್ತವರ ಹೆಸರು, ಅವರು ಹೊರಟು ಬಂದ ಊರುಗಳ ಹೆಸರು. ನೆತ್ತಿಯ ಹಾಸಿನ ಮೇಲೆ ಜಗತ್ತಿನ ಬೇರೆಡೆ ನಡೆದ ಇಂಥ ಹತ್ಯಾಕಾಂಡಗಳತ್ತ ದಿಕ್ಕು ತೋರುವ ಬಾಣಗಳು. ಯಾರು ಬೇಕಾದರೂ ಹತ್ತಿ ನಿಂತು ಮಾತನಾಡುವ ವೇದಿಕೆಯೂ ಅದಾಗಬೇಕೆಂಬುದು ಆಶಯ. ಆದರೆ ಗಾಲಿಕುರ್ಚಿಯಲ್ಲಿ ಬಂದವರು ಮೇಲೇರಲು ಇಳಿಜಾರಿನ ದಾರಿಯನ್ನೇ ಇಟ್ಟಿರಲಿಲ್ಲ. ನೆತ್ತಿಯ ಬರಹವನ್ನು ಅವರು ಓದಲೆಂದು ಕೆಳಗೆ ನೆಲದ ಮೇಲೂ ಕೆತ್ತಿಸಲಾಯಿತು. ಅದರಿಂದ ಓದಬಹುದೇ ಹೊರತು ಮೇಲೆ ನಿಂತು ಮಾತನಾಡಲಾಗದು. ಸಮಾನ ಹಕ್ಕು ಕೇಳಿ ಸತ್ತವರ ಸ್ಮಾರಕದಿಂದಲೇ ತಮ್ಮನ್ನು ಹೊರಗಿಟ್ಟಿದ್ದಾರೆಂದು ಅಂಗವಿಕಲರ ಹಕ್ಕುಗಳ ಹೋರಾಟಗಾರರು ಅನಾವರಣಕ್ಕೆ ಮೊದಲೇ ಪ್ರತಿಭಟಿಸಿದ್ದರು. ಅವರ ಆಕ್ಷೇಪದಲ್ಲಿ ತಳ್ಳಿಹಾಕುವಂಥದ್ದು ಏನೂ ಇಲ್ಲ.