ಹಾಡಿನ ದಾಸೋಹ

ಅನ್ನದಾಸೋಹವನ್ನರಿಯದ ಮನೆ ನಮ್ಮ ಸಮಾಜದಲ್ಲಿ ಇರಲಾರದು. ಹಾಡಿಗೂ ಒಂದು ದಾಸೋಹವುಂಟೆಂಬುದು ನಮಗೆ ತಿಳಿದದ್ದು ಹೊಸಪೇಟೆಯ ಒಂದು ಮನೆಯ ಪಡಸಾಲೆಯಲ್ಲಿ. ಪ್ರತಿ ತಿಂಗಳ ಕೊನೆಯ ಭಾನುವಾರ ಇಳಿಹೊತ್ತಿನಲ್ಲಿ ಹತ್ತು ಹನ್ನೆರಡು ಮಂದಿ ಅಲ್ಲಿ ಸೇರುತ್ತೇವೆ. ಕಂಪ್ಲಿಯಿಂದ ಇಬ್ಬರು, ಸಂಡೂರಿನಿಂದ ಒಬ್ಬರು, ಹಂಪಿಯ ಮಗ್ಗುಲಿನ ಕಮಲಾಪುರದಿಂದ ಮೂವರು, ಉಳಿದವರು ಊರವರೇ. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಹೊಸಪೇಟೆ ಒಂದು ಕಡೆಗೂ ಕಂಪ್ಲಿ, ಸಂಡೂರುಗಳು ಬಳ್ಳಾರಿಯ ಕಡೆಗೂ ಆದವು. ಬಳಗ ಮಾತ್ರ ಒಂದೇ ಜಮಖಾನೆಯ ಮೇಲೆ ಉಳಿಯಿತು.

ನಿಯಮ ಸರಳವಾದುದು. ಬಂದವರು ತಮಗೆ ಮೆಚ್ಚಾದ ಹಾಡೊಂದನ್ನು, ಬೇರೆ ಯಾರೂ ಕೇಳಿರಲಾರದ ಹಾಡೊಂದನ್ನು ತರಬೇಕು. ಹಾಡಿಯಾದರೂ ಸರಿ, ತಟ್ಟೆ, ಟೇಪು, ಮೊಬೈಲು ಯಾವುದರಿಂದ ಕೇಳಿಸಿದರೂ ಸರಿ. ಆಮೇಲೆ ಅದರ ಕುರಿತು ನಾಲ್ಕು ಮಾತು ಹೇಳಬೇಕು; ಆ ನಾಲ್ಕರಲ್ಲಿ ಒಂದಾದರೂ ನಗಿಸಬೇಕು. ಹಾಡಿನ ನಡುವೆ ತೂಕಡಿಸಿದವರ ಮೇಲೆ ಅಂದಿನ ಒಗ್ಗರಣೆ ಮಂಡಕ್ಕಿ, ಮಿರ್ಚಿಗಳ ಖರ್ಚು ಬೀಳುತ್ತದೆ. ಈ ದಂಡವನ್ನು ಅತಿ ಹೆಚ್ಚು ತೆತ್ತವರು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಅವರು ಅದನ್ನು ನಿದ್ರೆಯೆಂದು ಒಪ್ಪುವುದಿಲ್ಲ, ಲಿಂಗಾಂಗ ಸಾಮರಸ್ಯವೆನ್ನುತ್ತಾರೆ.

ಮೆಚ್ಚಿನ ಹಾಡೆಂದರೆ ಮೊದಮೊದಲು ಎಲ್ಲರೂ ವಚನವನ್ನೇ ಹೇಳುತ್ತಿದ್ದರು. ಹಾಗೆ ಹೇಳದಿದ್ದರೆ ಭಕ್ತಿಗೆ ಕೊರತೆಯಾದೀತೆಂಬ ಅಂಜಿಕೆಯೋ ಏನೋ. ಆರನೆಯ ಭಾನುವಾರ ಆ ಮುಖ್ಯೋಪಾಧ್ಯಾಯರೇ ಗುಟ್ಟನ್ನು ಬಿಟ್ಟುಕೊಟ್ಟರು. ಎಳೆವಯಸ್ಸಿನಲ್ಲಿ ಬುಧವಾರದ ರಾತ್ರಿಗಳಲ್ಲಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಕೇಳಲು ಪಕ್ಕದ ಮನೆಯ ಕಿಟಕಿಯ ಕೆಳಗೆ ಕೂರುತ್ತಿದ್ದರಂತೆ. 'ಅಲಬೇಲಾ' (1951) ಚಿತ್ರದಲ್ಲಿ ಭಗವಾನ್ ದಾದಾ ಕುಣಿದ, ಸಿ. ರಾಮಚಂದ್ರರು ಸ್ವರ ಹಾಕಿದ ಹಾಡು ಇಂದಿಗೂ ತಮ್ಮ ಪ್ರಾಣವೆಂದರು. "ಪೂಜೆಗೆ ಕುಂತಾಗಲೂ ಒಮ್ಮೊಮ್ಮೆ ಅದ ನೆಪ್ಪಾಗತೈತ್ರಿ, ಏನ್ ಮಾಡಲಿ?" ಎಂದು ಕೈಮುಗಿದರು. ಅಂದಿನಿಂದ ಬಳಗದಲ್ಲಿ ಪ್ರಾಮಾಣಿಕತೆ ಹೆಚ್ಚಿತು.

ಹಾಗೆಂದು ವಚನಗಳು ಹಿಂದೆ ಸರಿಯಲಿಲ್ಲ. ಅವುಗಳ ಮೇಲಣ ಚರ್ಚೆಯೇ ನಮಗೆ ಹೆಚ್ಚಿನ ರುಚಿ. ವಚನವು ತಾಳಕ್ಕೆಂದು ಅಳೆದು ಕಟ್ಟಿದ ಪದವಲ್ಲ. ಸಾಲುಗಳು ಒಂದು ಗಿಡ್ಡ, ಒಂದು ಉದ್ದ. ಅದನ್ನು ರಾಗಕ್ಕೂ ಆವರ್ತನಕ್ಕೂ ಹೊಂದಿಸುವವನು ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಮರಳಿ ಹಾಡಬೇಕು ಎಂಬುದನ್ನು ಅರ್ಥ ಕೆಡದಂತೆ ತಾನೇ ತೀರ್ಮಾನಿಸಬೇಕು. ಮಲ್ಲಿಕಾರ್ಜುನ ಮನಸೂರರು (1910–1992) ಅಕ್ಕನ ಕನಸಿನ ವಚನವನ್ನು ಹಾಡಿದುದನ್ನು ಕೇಳಿದವರಿಗೆ ಇದು ತಿಳಿದೀತು. ಜೈಪುರ ಘರಾಣೆಯ ಅಪರೂಪದ ರಾಗಗಳಲ್ಲಿ ಮುಳುಗಿದ್ದ ಆ ಮಹಾನುಭಾವರು ವಚನಕ್ಕೆ ಬಂದಾಗ ತಮ್ಮ ಪಾಂಡಿತ್ಯವನ್ನು ಹೊಸ್ತಿಲಾಚೆ ಬಿಟ್ಟು ಬಂದಂತೆ ತೋರುತ್ತದೆ. ಮಾನವಿ ಸೀಮೆಯ ಸಿದ್ದರಾಮ ಜಂಬಲದಿನ್ನಿಯವರದು ಬೇರೆಯ ದಾರಿ. ಅಲ್ಲಿ ಮಠದ ಅಂಗಳದ ಭಜನೆಯ ವಾಸನೆಯಿದೆ. ಇಬ್ಬರಲ್ಲಿ ಯಾರು ಮೇಲೆಂಬ ವಾದ ನಮ್ಮಲ್ಲಿ ಮೂರು ಭಾನುವಾರ ನಡೆಯಿತು. ಜಂಬಲದಿನ್ನಿಯವರು ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬ ಅಭಿಮಾನದಿಂದ ನಾವು ಅವರ ಪಕ್ಷ ವಹಿಸಿದೆವು, ಸೋತೆವು. ಈಗಲೂ ಅದೇ ಪಕ್ಷದಲ್ಲಿದ್ದೇವೆ.

ಇನ್ನು ಸ್ವತಃ ಹಾಡುವವರ ಮಾತು. ತಾಳಮಾನದ ಲೆಕ್ಕ ತಮಗೆ ತಿಳಿಯದು, ಒಲಿದಂತೆ ಹಾಡುವೆನೆಂಬ ಭಾವದ ವಚನವೊಂದು ಬಸವಣ್ಣನವರದಿದೆಯಷ್ಟೆ. ಶ್ರುತಿ ತಪ್ಪಿದವರೆಲ್ಲ ಕೂಡಲೇ ಅದರ ಆಸರೆ ಹಿಡಿಯತೊಡಗಿದರು. ಅಣ್ಣನವರು ಹೇಳಿದ್ದು ದೇವರೆದುರು ಹಾಡುವ ಕುರಿತು, ನೆರೆಮನೆಯವರೆದುರು ಹಾಡುವ ಕುರಿತಲ್ಲವೆಂದು ಮನೆಯೊಡತಿ ಇತ್ಯರ್ಥಪಡಿಸಿದರು.

ತಟ್ಟೆಗಳನ್ನು ತರುವವರು ಕಮಲಾಪುರದ ಹಿರಿಯರೊಬ್ಬರು. ಅರಗಿನ ಆ ಹಳೆಯ 78ರ ತಟ್ಟೆ ಮೂರು ನಿಮಿಷಕ್ಕೆ ಮುಗಿಯುತ್ತದೆ. ಮಗ್ಗುಲು ತಿರುಗಿಸಿದಾಗಲೆಲ್ಲ ಮುಳ್ಳನ್ನು ಬದಲಿಸಬೇಕು. ಕೀಲಿ ಕೊಟ್ಟದ್ದು ಕಡಿಮೆಯಾದರೆ ಗಾಯಕಿಯ ಕಂಠ ಗಂಡಸಿನದಾಗಿ, ಕೊನೆಗೆ ಎಮ್ಮೆಯದಾಗಿ ನಿಲ್ಲುತ್ತದೆ. ಒಮ್ಮೆ ಅವರು ನಮ್ಮನ್ನೆಲ್ಲ ಹಂಪಿಯ ಪುರಂದರ ಮಂಟಪದಲ್ಲಿ ಕೂಡಿಸಿ, ಹೊಳೆಯ ದಂಡೆಯಲ್ಲಿ ಹಾಡು ಕೇಳಿಸಬೇಕೆಂದು ಹಂಬಲಿಸಿದ್ದರು. ಅದು 2024ರ ಆಗಸ್ಟು. ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ನದಿಗೆ ನೀರು ಬಿಡಲಾಯಿತು. ಸಭೆ ಮತ್ತೆ ಪಡಸಾಲೆಗೇ ಬಂತು.

ಸಂಡೂರಿನ ಸದಸ್ಯರು ಗಣಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುತ್ತ ಹಾಡಿಕೊಂಡ ಪದವೊಂದನ್ನು ಅವರು ಮೊಬೈಲಿನಲ್ಲಿ ಹಿಡಿದು ತಂದಿದ್ದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ದನಿ ಎಳೆದು ನಿಲ್ಲಿಸುವ ರೀತಿ ಕೇಳಿ ಇಬ್ಬರು ಕಣ್ಣೊರೆಸಿಕೊಂಡರು; ಇದು ತವರಿನ ನೆನಪಿನ ಹಾಡೇ ಸೈಯೆಂದು ಒಬ್ಬರು ವ್ಯಾಖ್ಯಾನವನ್ನೂ ಮಾಡಿದರು. ಆಮೇಲೆ ತಿಳಿಯಿತು, ಅದು ಸೋಮಾರಿ ಮೈದುನನೊಬ್ಬನನ್ನು ಬಯ್ಯುವ ಹಾಡು! 2023ರ ಜುಲೈಯಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ಹೊತ್ತಿಗೆ ಸಂಡೂರಿನ ಕಸೂತಿಯ 1755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಸೂಜಿಯ ಜೊತೆಗೆ ನಡೆಯುವ ಹಾಡನ್ನು ಎಣಿಸಿದವರುಂಟೋ ಇಲ್ಲವೋ.

ಇನ್ನು ಈ ಬರಹಕ್ಕೆ ಕಾರಣವಾದ ಸಂಗತಿ.

ಕಂಪ್ಲಿಯ ಅಕ್ಕನವರೊಬ್ಬರು ಸೆರಗಿನಲ್ಲಿ ಸುತ್ತಿ ಒಂದು ಕ್ಯಾಸೆಟ್ಟು ತಂದರು. ಅವರ ಅತ್ತೆ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಗಂಗೆ-ಗೌರಿಯರ ಪದ. 1987ರಲ್ಲಿ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಅತ್ತೆ ಲಿಂಗೈಕ್ಯರಾಗಿ ವರ್ಷಗಳೇ ಸಂದಿವೆ. ಮನೆಯಲ್ಲಿ ಉಳಿದಿರುವ ಅವರ ದನಿ ಇದೊಂದೇ. ಟೇಪಿಗೆ ಬೂಷ್ಟು ಹಿಡಿದಿತ್ತು. ರೇಡಿಯೋ ರಿಪೇರಿಯ ಹಿರಿಯರೊಬ್ಬರು ಒರೆಸಿ, ಪೆನ್ಸಿಲಿನಿಂದ ಸುತ್ತಿ, ಬೇರೆ ಪೆಟ್ಟಿಗೆಗೆ ಹಾಕಿಕೊಟ್ಟಿದ್ದರು.

ಮೊದಲ ನುಡಿಯಲ್ಲಿ ಶಿವನ ಜಡೆಯಲ್ಲಿ ಅಡಗಿದ್ದವಳನ್ನು ಗೌರಿ ಕಂಡುಹಿಡಿದಳು. ಎರಡನೆಯದರಲ್ಲಿ ಗಂಗೆ ಬಿರುಸಾಗಿ ಮಾತಾಡಿದಳು. ನಡುವೆ ಅಜ್ಜಿ ಹಾಡು ನಿಲ್ಲಿಸಿ, "ಏ ಕರಾ ಬಿಚ್ಚಿಕೊಂಡೈತಿ, ನೋಡ್ರೋ!" ಎಂದು ಕೂಗಿ, ಅದೇ ಉಸಿರಿನಲ್ಲಿ ಗಂಗೆಯ ಜಗಳಕ್ಕೆ ಮರಳಿದರು. ನಾವೆಲ್ಲ ನಕ್ಕೆವು, ಅಕ್ಕನವರೂ ನಕ್ಕರು. ಇನ್ನು ಗೌರಿಯ ಉತ್ತರ. ಎಲ್ಲರೂ ಮುಂದಕ್ಕೆ ಬಾಗಿದೆವು. ಟಕ್ಕೆಂದು ಸದ್ದಾಯಿತು, ಸಿ. ಅಶ್ವತ್ಥರ ತುಂಬು ಕಂಠದಲ್ಲಿ ಶರೀಫರ ಸೋರುವ ಮಾಳಿಗೆಯ ಪದ ಮೊಳಗಿತು. ಮನೆಯ ಹುಡುಗನೊಬ್ಬ ಎಂದೋ ರೇಡಿಯೋದಿಂದ ಅದರ ಮೇಲೆ ತುಂಬಿಸಿದ್ದ. ಅಂದು ಯಾರೂ ನಗಲಿಲ್ಲ. ಆ ಹುಡುಗ ಈಗ ಇಂಜಿನಿಯರು. ಅಮ್ಮ ಹೇಳಿದಾಗ ಫೋನಿನಲ್ಲೇ ಅತ್ತನಂತೆ.

ಅಡಿಯಲ್ಲಿ ಹಳೆಯ ದನಿ ಉಳಿದಿರಬಹುದೇ ಎಂದು ಕೇಳಿದೆವು. ಉಳಿದಿರುವುದಿಲ್ಲ. ಟೇಪು ತುಂಬಿಸುವ ಹೆಡ್ಡಿಗೆ ತಲುಪುವ ಮೊದಲೇ ಅಳಿಸುವ ಹೆಡ್ಡನ್ನು ದಾಟಿ ಹೋಗುತ್ತದೆ. ಅದು ಹಿಂದಿನದನ್ನು ಒರೆಸಿಬಿಡುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದಿದ್ದರೆ ಯಂತ್ರ ಮೇಲೆ ತುಂಬಿಸಲು ಬಿಡುತ್ತಿರಲಿಲ್ಲ. ಮನೆಯ ಅಟ್ಟದಲ್ಲಿ ಹಿರಿಯರ ದನಿಯಿರುವ ಟೇಪುಗಳಿದ್ದ ಓದುಗ ಬಂಧುಗಳು ಇಂದೇ ಆ ಹಲ್ಲು ಮುರಿದು, ಬೇಗ ಮೊಬೈಲಿಗಾದರೂ ಇಳಿಸಿಕೊಳ್ಳಬೇಕೆಂದು ವಿನಂತಿ.

ಮುಖ್ಯೋಪಾಧ್ಯಾಯರು ಮುಂದಿನ ತಿಂಗಳು ಗೌರಿಯ ಉತ್ತರವನ್ನು ತಾವೇ ರಚಿಸಿ ತಂದರು. ಛಂದಸ್ಸು ಕೆಟ್ಟಿರಲಿಲ್ಲ. ಅಕ್ಕನವರು ಕೇಳಿ, "ಚಲೋ ಐತ್ರಿ ಸರ್, ಆದ್ರ ನಮ್ಮತ್ತೀದಲ್ಲ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ನಾಲ್ಕೂರು ಹುಡುಕಾಟ ನಡೆಯಿತು. ಸಂಡೂರಿನಲ್ಲೊಬ್ಬರಿಗೆ ಧಾಟಿ ಗೊತ್ತಿತ್ತು, ನುಡಿ ಬೇರೆ. ಕೊನೆಗೆ ಕಮಲಾಪುರದ ತಟ್ಟೆಯ ಹಿರಿಯರು ತಮ್ಮ ಓಣಿಯಲ್ಲೇ ಒಬ್ಬ ಅಜ್ಜಿಯನ್ನು ಪತ್ತೆ ಮಾಡಿದರು. ತೊಂಬತ್ತರ ಆಸುಪಾಸಿನ ವಯಸ್ಸು, ತವರು ಕಂಪ್ಲಿ ಸೀಮೆ. ನಾವು ಏಳು ಮಂದಿ ಹೋದೆವು. ಅಜ್ಜಿ ಕಿವಿಯ ಬಳಿ ಮೊಬೈಲು ಹಿಡಿದು ಟೇಪಿನ ದನಿ ಕೇಳಿದರು. ಗಂಗೆಯ ಸೊಲ್ಲು ಮುಗಿಯುವ ಮುನ್ನವೇ ತಾವೂ ದನಿಗೂಡಿಸಿದರು. ಗೌರಿಯ ಉತ್ತರ ಬರಬೇಕು, ಅಷ್ಟರಲ್ಲಿ ನಿಲ್ಲಿಸಿ ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ಇದನ್ನ ಗಂಡಸ್ರ ಮುಂದ ಹಾಡಂಗಿಲ್ಲಪಾ. ನೀವ್ ಸ್ವಲ್ಪ ಕಟ್ಟಿ ಮ್ಯಾಲ ಕುಂದರ್ರಿ."

ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಐವರು ಗಂಡಸರು ಶಿಸ್ತಾಗಿ ಕೂತೆವು. ಒಳಗಿನಿಂದ ಮೊದಲು ಹಾಡಿನ ಸಣ್ಣ ದನಿ, ಆಮೇಲೆ ಒಮ್ಮೆಲೇ ಮೂವರು ಹೆಣ್ಣುಮಕ್ಕಳ ನಗೆ. ಬಾಗಿಲು ತೆರೆದಾಗ ಕಂಪ್ಲಿಯ ಅಕ್ಕನವರ ಕಣ್ಣು ಒದ್ದೆಯಾಗಿತ್ತು; ನಗೆ ಇನ್ನೂ ನಿಂತಿರಲಿಲ್ಲ. ಇದೇ ನುಡಿಯೆಂದು, ಅತ್ತೆ ಹಾಡುತ್ತಿದ್ದುದು ಇದೇ ಎಂದು ಹೇಳಿದರು. ಅದೀಗ ಅವರ ಮೊಬೈಲಿನಲ್ಲಿದೆ. ಇಂಜಿನಿಯರ್ ಮಗನಿಗೂ ಕಳಿಸಿಲ್ಲ, ಸೊಸೆಗೆ ಕಳಿಸಿದ್ದಾರೆ.

ಗೌರಿ ಏನೆಂದಳೆಂಬುದು ನಮಗಿನ್ನೂ ಗೊತ್ತಾಗಿಲ್ಲ.