ಸುಳ್ಳು ಹೇಳುವ ಸರ್ವರ್ ಬೇಕಾಗಿದೆ

2014ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ಐಫೋನ್‌ಗಳಿಗೆ ತರಾತುರಿಯಲ್ಲಿ ಒಂದು ಅಪ್‌ಡೇಟ್ ಕಳಿಸಿತು. ಸುರಕ್ಷಿತ ಸಂಪರ್ಕದ ಕೋಡ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಕೈತಪ್ಪಿ ಎರಡು ಸಲ ಬಿದ್ದಿತ್ತು. ಮೊದಲನೆಯದಕ್ಕೆ ಷರತ್ತಿತ್ತು, ಎರಡನೆಯದಕ್ಕೆ ಇರಲಿಲ್ಲ. ಹಾಗಾಗಿ ಸರ್ವರ್ ಹಾಕಿದ ಸಹಿ ಅಸಲಿಯೋ ನಕಲಿಯೋ ಎಂದು ನೋಡುವ ಹಂತವನ್ನೇ ಪ್ರೋಗ್ರಾಂ ಹಾರಿಬಿಡುತ್ತಿತ್ತು. ನಡುವೆ ಕೂತ ಕಳ್ಳ ಬ್ಯಾಂಕಿನ ಸೋಗು ಹಾಕಿದರೂ ಫೋನಿಗೆ ತಿಳಿಯುವಂತಿರಲಿಲ್ಲ.

ಇಂಥ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಸಾಚಾ ತಾಣಗಳೆಲ್ಲ ಎಂದಿನಂತೆ ತೆರೆದುಕೊಳ್ಳುತ್ತಲೇ ಇರುತ್ತವೆ. ಅದು ಹೊರಬೀಳಬೇಕಾದರೆ ಸುಳ್ಳು ಹೇಳುವ ಸರ್ವರ್ ಎದುರಾಗಬೇಕು. ಅವಧಿ ಮುಗಿದ, ಹೆಸರು ಹೊಂದದ ಸರ್ಟಿಫಿಕೇಟ್‌ಗಳನ್ನು ಬೇಕೆಂದೇ ಇಟ್ಟುಕೊಂಡಿರುವ ‘ಬ್ಯಾಡ್‌ಎಸ್‌ಎಸ್‌ಎಲ್’ ತಾಣವಿದೆ. ಬ್ರೌಸರ್ ತೆರೆದು ಒಮ್ಮೆ ನೋಡುವುದಕ್ಕೆ ಅದು ಸೊಗಸು. ಆದರೆ ದಿನಕ್ಕೆ ಹತ್ತಾರು ಸಲ ಓಡುವ ಟೆಸ್ಟ್‌ಗಳನ್ನು ಪರರ ಸರ್ವರ್‌ಗೆ ಕಟ್ಟಿಹಾಕಬಾರದು.

ನಾನಿದ್ದ ಒಂದು ತಂಡದಲ್ಲಿ ಹಾಗೆ ಕಟ್ಟಿಹಾಕಿದ್ದೆವು. ಒಂದು ಬೆಳಿಗ್ಗೆ ಹೊರಗಿನ ಸರ್ವರ್‌ನ ಸರ್ಟಿಫಿಕೇಟ್ ಅವಧಿ ಮುಗಿದು ಟೆಸ್ಟ್‌ಗಳೆಲ್ಲ ಕೆಂಪಾದವು. ‘ಸದ್ಯಕ್ಕೆ’ ಎಂದು ಪರಿಶೀಲನೆಯನ್ನೇ ಆಫ್ ಮಾಡಿದೆವು. ಆ ‘ಸದ್ಯ’ ತಿಂಗಳುಗಟ್ಟಲೆ ನಡೆಯಿತು. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ: ‘ಈ ಸಂಪರ್ಕ ವಿಫಲವಾಗಬೇಕು’ ಎನ್ನುವ ಟೆಸ್ಟ್, ಇಂಟರ್ನೆಟ್ ಇಲ್ಲದ ದಿನವೂ ಪಾಸಾಗುತ್ತದೆ! ವಿಫಲವಾದರೆ ಸಾಲದು, ಸರ್ಟಿಫಿಕೇಟ್ ದೋಷದಿಂದಲೇ ವಿಫಲವಾಯಿತೇ ಎಂದು ನೋಡಬೇಕು.

ಇದಕ್ಕೆಲ್ಲ ಬೇಕಾದದ್ದು ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ. ಟೆಸ್ಟ್ ಶುರುವಾದಾಗ 127.0.0.1 ವಿಳಾಸದಲ್ಲಿ ಪುಟ್ಟ ಸರ್ವರ್ ಎಬ್ಬಿಸಬೇಕು. ಪೋರ್ಟ್ ಸಂಖ್ಯೆ 0 ಎಂದು ಕೊಟ್ಟರೆ ಖಾಲಿ ಇರುವ ಒಂದನ್ನು ಆಪರೇಟಿಂಗ್ ಸಿಸ್ಟಮ್ಮೇ ಹುಡುಕಿಕೊಡುತ್ತದೆ. ಗೋ ಭಾಷೆಯಲ್ಲಿ ‘ಎಚ್‌ಟಿಟಿಪಿಟೆಸ್ಟ್’ ಈ ಕೆಲಸಕ್ಕೇ ಇದೆ; ಅದರೊಳಗಿನ ಸರ್ಟಿಫಿಕೇಟ್‌ನ ಅವಧಿ 2084ರವರೆಗೆ. ಪೈಥಾನ್‌ನಲ್ಲಿ ‘ಟ್ರಸ್ಟ್‌ಮಿ’ ಪ್ರತಿ ಸಲವೂ ಹೊಸದೊಂದು ನಕಲಿ ಪ್ರಮಾಣೀಕರಣ ಸಂಸ್ಥೆಯನ್ನೇ ಹುಟ್ಟುಹಾಕುತ್ತದೆ. ಅದನ್ನು ನಂಬು ಎಂದು ಆ ಟೆಸ್ಟ್‌ನ ಕ್ಲೈಂಟ್‌ಗೆ ಮಾತ್ರ ಹೇಳಬೇಕು, ಇಡೀ ಕಂಪ್ಯೂಟರಿಗಲ್ಲ.

ಆಮೇಲೆ ಸುಳ್ಳುಗಳ ಸರದಿ. ನಿನ್ನೆಗೇ ಅವಧಿ ಮುಗಿದದ್ದು, ಬೇರೆ ಹೆಸರಿನದ್ದು, ಅಪರಿಚಿತರು ಸಹಿ ಹಾಕಿದ್ದು, ಹೀಗೆ ಒಂದೊಂದೇ ತೋರಿಸಿ ಕ್ಲೈಂಟ್ ಒಲ್ಲೆ ಎನ್ನುತ್ತದೆಯೇ ನೋಡಬೇಕು. ಹೆಸರಿನ ಪರೀಕ್ಷೆಯನ್ನಂತೂ ಬಿಡಲೇಬಾರದು. ‘ಕರ್ಲ್’ ಲೈಬ್ರರಿಯಲ್ಲಿ ಹೆಸರು ತಾಳೆ ನೋಡಲು 2 ಎಂದು ಕೊಡಬೇಕಿದ್ದ ಕಡೆ ‘ಟ್ರೂ’, ಅಂದರೆ 1, ಎಂದು ಬರೆದು ಆ ತಪಾಸಣೆಯನ್ನೇ ತಿಳಿಯದೆ ಕಳೆದುಕೊಂಡ ಪ್ರೋಗ್ರಾಂಗಳನ್ನು 2012ರಲ್ಲಿ ಟೆಕ್ಸಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಬಯಲಿಗೆಳೆದಿದ್ದರು.

ಕೊನೆಗೆ ನಾನು ಪ್ರತಿ ಸಲ ಮಾಡುವ ಒಂದು ಕೆಲಸವಿದೆ. ಪರಿಶೀಲನೆಯ ಸಾಲನ್ನು ಬೇಕೆಂದೇ ಅಳಿಸಿ, ವೈಫೈ ಆರಿಸಿ, ಟೆಸ್ಟ್ ಓಡಿಸುತ್ತೇನೆ. ಆಗಲೂ ಹಸಿರೇ ಬಂದರೆ ಟೆಸ್ಟನ್ನು ಮೊದಲಿನಿಂದ ಬರೆಯುತ್ತೇನೆ.